‘ಪುರುಸೊತ್ತು’ ಪದ ಬಿಟ್ಟುಬಿಡಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಈಗ ಎಲ್ಲಿ ನೋಡಿದರೂ ‘ಫ್ರೀ ಟೈಮ್’. ಮಕ್ಕಳ ಫ್ರೀ ಟೈಮ್, ಗೃಹಿಣಿಯರ ಫ್ರೀ ಟೈಮ್. ನಮ್ಮ ‘ಪುರುಸೊತ್ತು’ ಎಲ್ಲಿ ಹೋಯಿತು?

ಅದು ಅಚ್ಚಗನ್ನಡ ಅಲ್ಲ ಅನ್ನುವವರಿದ್ದಾರೆ. ನಿಜವೇ. ಒಳಗೆ ‘ಹೊತ್ತು’ ಅಡಗಿದಂತೆ ಕೇಳಿಸಿದರೂ ಇದರ ಮೂಲ ಅರಬ್ಬಿಯ ‘ಫುರ್ಸಾ’. ಪಾರಸಿ, ಉರ್ದು ದಾಟಿ ‘ಫುರ್ಸತ್’ ಆಗಿ ನಮ್ಮಲ್ಲಿಗೆ ಬಂತು. ಆಫೀಸು ಆಪೀಸಾದ ಹಾಗೆ ಫಕಾರ ಪಕಾರವಾಯಿತು, ಒತ್ತಕ್ಷರ ಬಿಡಿಸಿಕೊಂಡಿತು, ಕೊನೆಗೊಂದು ಉಕಾರ ಸೇರಿತು. ಅರ್ಜಿ, ತಾರೀಖು, ರಜೆ ಕೂಡ ಅರಬ್ಬಿ ಮೂಲದವೇ. ಅವನ್ನು ಯಾರೂ ಹೊರಗೆ ಹಾಕಿಲ್ಲವಲ್ಲ.

ಹಳೆಯ ಅರ್ಥ ಬಹಳ ಸೊಗಸಾಗಿದೆ. 13ನೇ ಶತಮಾನದ ಇಬ್ನ್ ಮಂಜೂರ್ ಅವರ ‘ಲಿಸಾನ್ ಅಲ್ ಅರಬ್’ ನಿಘಂಟಿನಲ್ಲಿ ಫುರ್ಸಾ ಅಂದರೆ ನೀರಿನ ಸರದಿ. ಒಂದೇ ಬಾವಿಯನ್ನು ಹಲವರು ಹಂಚಿಕೊಂಡಾಗ ಒಬ್ಬೊಬ್ಬರಿಗೂ ಬರುವ ಪಾಳಿ. ಪಾಳಿ ಬಂದಾಗ ಬಿಂದಿಗೆ ತುಂಬಿಕೊಳ್ಳಬೇಕು, ಇಲ್ಲದಿದ್ದರೆ ಇಲ್ಲ. ‘ಒದಗಿದ ಅವಕಾಶ’ ಎಂಬ ಅರ್ಥವೂ ಇದಕ್ಕೆ ಒಗ್ಗಿತು. ಅರಬ್ಬಿ, ಪಾರಸಿಯಲ್ಲಿ ಇಂದಿಗೂ ಅದೇ ಮುಖ್ಯ. ಉರ್ದು, ಹಿಂದಿ, ಮರಾಠಿಗೆ ಬರುವಷ್ಟರಲ್ಲಿ ಅವಕಾಶ ಹಿಂದೆ ಸರಿದು ಬಿಡುವು ಮುಂದೆ ಬಂತು.

ಕನ್ನಡ ಸುಮ್ನೆ ಕೂರಲಿಲ್ಲ. “ಬಾಗಿಲು ತೆಗೆಯೋಕೆ ಪುರುಸೊತ್ತಿಲ್ಲ, ಬೆಕ್ಕು ಒಳಗೆ!” ಅನ್ನುತ್ತೇವೆ. ಇಲ್ಲಿ ವಿರಾಮದ ಮಾತೇ ಇಲ್ಲ. ತೆಗೆದದ್ದಕ್ಕೂ ನುಗ್ಗಿದ್ದಕ್ಕೂ ನಡುವೆ ಸಂದಿ ಇಲ್ಲ ಎಂದರ್ಥ. ಇಲ್ಲಿ ‘ಫ್ರೀ ಟೈಮ್’ ಹಾಕಿ ನೋಡಿ, ನಗು ಬರುತ್ತದೆ. ‘ಬಿಡುವು’ ಕೂಡ ಕೂರುವುದಿಲ್ಲ. ಬಿಡುವು ಹೆಚ್ಚಾಗಿ ಗಂಟೆ ಹೊಡೆದಾಗ ಸಿಗುವಂಥದ್ದು, ಶಾಲೆಯ ಊಟದ ಬಿಡುವಿನಂತೆ. ಪುರುಸೊತ್ತನ್ನು ನಾವೇ ಮಾಡಿಕೊಳ್ಳಬೇಕು. “ಪುರುಸೊತ್ತು ಮಾಡ್ಕೊಂಡು ಬನ್ನಿ” ಅಂತಲೇ ಅಲ್ವಾ ಮನೆಗೆ ಕರೆಯೋದು?

ಬೇಜಾರೆಂದರೆ, ಈಗ ಈ ಪದ ‘ಇಲ್ಲ’ದ ಜತೆಗೇ ಜಾಸ್ತಿ ಓಡಾಡುತ್ತಿದೆ. “ಸಾಯೋಕೂ ಪುರುಸೊತ್ತಿಲ್ಲ” ಅನ್ನುವುದು ದೊಡ್ಡಸ್ತಿಕೆಯ ಮಾತಾಗಿದೆ. “ಪುರುಸೊತ್ತಾಗಿದ್ದೀನಿ” ಅಂದವನನ್ನು ಕೆಲಸವಿಲ್ಲದವನ ಹಾಗೆ ನೋಡುತ್ತಾರೆ. ಇರುವ ಬಿಡುವನ್ನು ಹೇಳಿಕೊಳ್ಳಲು ಇಂಗ್ಲಿಷ್ ಬೇಕಾಗಿದ್ದು ಅದಕ್ಕೇ ಇರಬೇಕು. ಪುರವಣಿಯ ಒಂದೆರಡು ತಲೆಬರಹಗಳಲ್ಲಾದರೂ ‘ಪುರುಸೊತ್ತು’ ಅಚ್ಚಾಗಲಿ, ಅದೂ ‘ಇಲ್ಲ’ ಅಂಟಿಸದೆ.

ಇತಿ ನಿಮ್ಮ ಓದುಗ,
ಹಾಸನ