ರಾಯಚೂರು ಕೋಟೆಯ ಕಲ್ಲುಗಳ ಕಥೆ ಮಕ್ಕಳಿಗೆ ತಲುಪಲಿ: ದೇಣಿಗೆಗಾಗಿ ಮನವಿ

ಮಾನ್ಯರೇ,

ರಾಯಚೂರಿನ ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ ತೆಲುಗು ಶಾಸನ ಶಕ 1216ರದು, ಅಂದರೆ ಕ್ರಿ.ಶ. 1294. ವಾರಂಗಲ್ಲಿನ ಕಾಕತೀಯ ಅರಸರ ಅಧೀನದಲ್ಲಿದ್ದ ಗೋರೆ ಗನ್ನಯ್ಯ ರೆಡ್ಡಿ ಈ ಕೋಟೆಯನ್ನು ಕಟ್ಟಿಸಿದ ವಿಷಯ ಅದರಲ್ಲಿದೆ. ಕಟ್ಟಿಸಿದವರ ಹೆಸರು ಎಷ್ಟೋ ಕೋಟೆಗಳಲ್ಲಿ ಸಿಗುತ್ತದೆ. ಇಲ್ಲಿ ಅದಕ್ಕಿಂತ ದೊಡ್ಡದೊಂದು ಉಳಿದಿದೆ. ಅದೇ ಗೋಡೆಯ ಮೇಲೆ ಆ ಬಂಡೆಯನ್ನು ಗಣಿಯಿಂದ ಸಾಗಿಸಿದ ಬಗೆಯನ್ನು ಗೀರಿ ಚಿತ್ರಿಸಿದ್ದಾರೆ: ಕೋಣಗಳ ಉದ್ದನೆಯ ಸಾಲು, ಬಂಡಿ, ಅವುಗಳನ್ನು ಹುರಿದುಂಬಿಸುತ್ತಿರುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುತ್ತಿರುವವರು. ಬೆವರು ಸುರಿಸಿದವರಿಗೆ ಗೋಡೆಯಲ್ಲೇ ಜಾಗ ಕೊಟ್ಟ ಕೋಟೆ ನಮ್ಮದು. ಊರಿನ ಎಷ್ಟೋ ಮಕ್ಕಳು ಇದನ್ನು ಒಮ್ಮೆಯೂ ನೋಡಿಲ್ಲ ಎಂಬುದೇ ನಮ್ಮ ಸಂಕಟ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬ್ (ಎರಡು ನದಿಗಳ ನಡುವಿನ ನಾಡು) ಫಲವತ್ತಾದ ನೆಲ. ಹಾಗಾಗಿ ವಿಜಯನಗರಕ್ಕೂ ಬಹಮನಿಗಳಿಗೂ, ಮುಂದೆ ವಿಜಾಪುರದ ಆದಿಲ್‌ಶಾಹಿಗಳಿಗೂ ಇದರ ಮೇಲೆ ಕಣ್ಣು. ಗಾರೆಯಿಲ್ಲದೆ ದೊಡ್ಡ ಕಲ್ಲುಗಳನ್ನು ಜೋಡಿಸಿದ ಕಾಕತೀಯ ಗೋಡೆಯ ಸುತ್ತ ಹೊರಕೋಟೆ ಎದ್ದಿತು, ಕಂದಕ ಬಂತು. ಮೆಕ್ಕಾ, ನವರಂಗಿ, ಕಾಟಿ, ಖಂದಕ್, ದೊಡ್ಡಿ ಎಂಬ ಐದು ದರವಾಜಗಳಾದವು, ಅಂದರೆ ಕೋಟೆಯ ಹೆಬ್ಬಾಗಿಲುಗಳು. ನವರಂಗಿ ದರವಾಜದ ಉಬ್ಬುಶಿಲ್ಪಗಳ ಮುಂದೆ ನಿಂತವರು ಬೇಗ ಕದಲುವುದಿಲ್ಲ.

1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ಯುದ್ಧ ಪಾಠಪುಸ್ತಕದ ಒಂದು ಸಾಲಿನಲ್ಲಿ ಮುಗಿಯುತ್ತದೆ. ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟದ್ದನ್ನು ಓದಿದರೆ ಮಾತ್ರ ಈ ಕೋಟೆಗೆ ಬಿದ್ದ ಮುತ್ತಿಗೆಯ ನಿಜವಾದ ಬಿಸಿ ತಿಳಿಯುತ್ತದೆ. ಗೋಡೆ ಕೆಡವಲು ಹೋದ ವಿಜಯನಗರದ ಸೈನಿಕರನ್ನು ಹುರಿದುಂಬಿಸಲು, ಅವರು ಕಿತ್ತು ತಂದ ಪ್ರತಿ ಕಲ್ಲಿಗೂ ಗಾತ್ರ ನೋಡಿ ಹತ್ತರಿಂದ ಐವತ್ತು ಪಣದವರೆಗೆ (ಪಣ ಆ ಕಾಲದ ನಾಣ್ಯ) ನಾಯಕರು ಹಣ ಕೊಡುತ್ತಿದ್ದರಂತೆ. ಕೋವಿ ಹಿಡಿದ ಪೋರ್ಚುಗೀಸರೊಂದಿಗೆ ಕ್ರಿಸ್ತೋವಾವ್ ದ ಫಿಗೆರೆದೊ ರಾಯನ ಪಾಳಯಕ್ಕೆ ಬಂದು ಸೇರಿದ. ಗೋಡೆಯಿಂದ ಬಾಗಿ ನೋಡುತ್ತಿದ್ದ ಕೋಟೆಯ ಅಧಿಕಾರಿ ಗುಂಡಿಗೆ ಬಲಿಯಾದ ಮೇಲೆ ಊರು ಶರಣಾಯಿತು.

ಕೃಷ್ಣದೇವರಾಯನ ನಂತರ ಕೋಟೆ ಮತ್ತೆ ವಿಜಾಪುರದ ಪಾಲಾಯಿತು. ಬಳಿಕ ಮೊಘಲರು, ನಿಜಾಮರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಬಂತು.

ಇಂದು ಗೋಡೆಯ ಸಂದುಗಳಲ್ಲಿ ಗಿಡಗಳು ಬೇರು ಬಿಟ್ಟಿವೆ, ಕಂದಕದಲ್ಲಿ ಪ್ಲಾಸ್ಟಿಕ್ ತುಂಬಿದೆ. ಅದಕ್ಕಿಂತ ಹೆಚ್ಚಾಗಿ ನೋಯಿಸುವುದು ಶಾಸನಗಳ ಮೌನ. ಒಂದು ತೆಲುಗಿನಲ್ಲಿದ್ದರೆ ಇನ್ನು ಕೆಲವು ಪರ್ಷಿಯನ್, ಅರಬ್ಬಿಯಲ್ಲಿವೆ. ಶಾಲೆಯ ಹುಡುಗಿಯೊಬ್ಬಳು ಕಲ್ಲಿನ ಮುಂದೆ ನಿಂತು "ಇದರಲ್ಲಿ ಏನಿದೆ?" ಎಂದು ಕೇಳಿದರೆ ಅವಳಿಗೆ ತಿಳಿಯುವ ಕನ್ನಡದಲ್ಲಿ ಉತ್ತರ ಸಿಗಬೇಕು.

ಆದ್ದರಿಂದ ನಮ್ಮ ಟ್ರಸ್ಟ್ ಮೂರು ಕೆಲಸಗಳಿಗೆ ಕೈ ಹಾಕಿದೆ. ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು ಶಾಸನಗಳ ಸರಳ ಕನ್ನಡ ಅನುವಾದದ ಫಲಕಗಳನ್ನು ನಿಲ್ಲಿಸುವುದು ಮೊದಲನೆಯದು. ಕೋಟೆಯ ಗೋಡೆ, ದರವಾಜ, ಕೆತ್ತನೆಗಳೆಲ್ಲದರ ಛಾಯಾಚಿತ್ರ ದಾಖಲೆ ಮಾಡುವುದು ಎರಡನೆಯದು, ಏಕೆಂದರೆ ಬಿದ್ದ ಕಲ್ಲು ಮೊದಲು ಎಲ್ಲಿತ್ತೆಂದು ತಿಳಿಯದಿದ್ದರೆ ಅದನ್ನು ಮರಳಿ ಕೂರಿಸುವ ದಾರಿಯಿಲ್ಲ. ಜಿಲ್ಲೆಯ ಸರ್ಕಾರಿ ಶಾಲೆಗಳ ಮಕ್ಕಳನ್ನು ಕರೆತಂದು, ಬಲ್ಲವರಿಂದ ಕೋಟೆ ತೋರಿಸಿ, ಮಧ್ಯಾಹ್ನದ ಊಟ ಕೊಟ್ಟು ಕಳುಹಿಸುವುದು ಮೂರನೆಯದು. ಗೋಡೆಯ ದುರಸ್ತಿ ಪರಿಣತರ ಕೆಲಸ. ನಾವು ಒಂದು ಕಲ್ಲನ್ನೂ ಕದಲಿಸುವುದಿಲ್ಲ.

ರಾಯಚೂರಿನಲ್ಲಿ ಹುಟ್ಟಿ ಬೆಂಗಳೂರು, ಹೈದರಾಬಾದ್, ವಿದೇಶಗಳಲ್ಲಿ ನೆಲೆಸಿರುವ ಬಂಧುಗಳಲ್ಲಿ ನಮ್ಮದು ವಿಶೇಷ ಕೋರಿಕೆ. ನೂರು ರೂಪಾಯಿಯಾದರೂ ಸರಿ, ಒಂದು ಫಲಕದ ಪೂರ್ತಿ ವೆಚ್ಚವಾದರೂ ಸರಿ, ಕೈಲಾದಷ್ಟು ಕೊಡಿ. ಹಿರಿಯರ ನೆನಪಿನಲ್ಲಿ ಒಂದು ಶಾಲೆಯ ಕೋಟೆ ದರ್ಶನದ ಖರ್ಚನ್ನು ವಹಿಸಿಕೊಳ್ಳಬಹುದು. ಹಣ ಕೊಡಲಾಗದವರು ಮನೆಯಲ್ಲಿರುವ ಕೋಟೆಯ ಹಳೆಯ ಫೋಟೋಗಳ ಪ್ರತಿ ಕೊಡಿ. ಪರ್ಷಿಯನ್, ತೆಲುಗು ಬಲ್ಲವರು ಅನುವಾದಕ್ಕೆ ಕೈ ಜೋಡಿಸಿ.

ಚೆಕ್, ಡಿಡಿ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಟ್ರಸ್ಟಿನ ಖಾತೆಗೆ ಮಾತ್ರ ದೇಣಿಗೆ ಸಲ್ಲಿಸಿ, ರಸೀದಿ ಕೇಳಿ ಪಡೆಯಿರಿ. ಲೆಕ್ಕಪತ್ರವನ್ನು ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಇಂತು,
ಟ್ರಸ್ಟಿನ ಪರವಾಗಿ ಕಾರ್ಯದರ್ಶಿ