ಅದು ಬಿದ್ದರೆ ಅಂತ ಕೇಳಿದ್ದೀಯಲ್ಲ

ಮೈಸೂರು

ಚಿ. ಸುಮಾಗೆ ಮಾವನ ಆಶೀರ್ವಾದಗಳು.

ಮನೆ ಕಡೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ನೀನು ನೋಡಿ ವರದಿ ಕೊಡಬೇಕಾದ ಆ ಹಳೇ ಶಾಲೆಯ ಬಗ್ಗೆ ಒಂದು ಸಾಲು ಸೇರಿಸಿದ್ದೀಯ. "ಈ ಶಾಲೆ ಕಟ್ಟಡ ಉಳಿಸಬಹುದು ಅಂತ ನಾನು ಬರೆದುಕೊಟ್ಟ ಮೇಲೆ ಅದು ಮಕ್ಕಳ ಮೇಲೆ ಬಿದ್ದರೆ, ಮಾವ?" ಅಷ್ಟೇ. ಉಳಿದ ಪುಟಗಳಲ್ಲಿ ಏನಿತ್ತು ಅಂತ ಕೇಳಿದರೆ ಈಗ ಹೇಳಲಾರೆ. ಈ ಸಾಲು ಮಾತ್ರ ಬಿಡುತ್ತಿಲ್ಲ. ರಾತ್ರಿ ಎದ್ದು ದೀಪ ಹಾಕಿ ಮತ್ತೆ ಓದಿದೆ.

"ಹಾಗೇನೂ ಆಗಲ್ಲ, ಧೈರ್ಯವಾಗಿರು" ಅಂತ ಬರೆದುಬಿಡಬಹುದಿತ್ತು. ಬೇರೆ ಊರಿನಲ್ಲಿ ಇದ್ದಿದ್ದರೆ ಬರೆಯುತ್ತಿದ್ದೆನೋ ಏನೋ. ಮೈಸೂರಿನಲ್ಲಿ ಕೂತು ಹಾಗೆ ಬರೆಯಲು ಕೈ ಬರುವುದಿಲ್ಲ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು 4 ಜನ ಸತ್ತರು. ನೀನಾಗ ಚಿಕ್ಕವಳು. ಅದು 1892ರಲ್ಲಿ ಕಟ್ಟಿದ ಕಟ್ಟಡ. ಕೆಳಗಿನ ಕಂಬಸಾಲಿನಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಅಲ್ಲಿ ಬಗ್ಗಿ ನಿಂತು ಪುಸ್ತಕ ಹುಡುಕಿದ ಸಾವಿರಾರು ಜನರಲ್ಲಿ ನಾನೂ ಒಬ್ಬ. ಎಲ್ಲರೂ ಆ ಕಟ್ಟಡವನ್ನು ರಸ್ತೆಯಿಂದ ನೋಡಿ ಹೊಗಳುತ್ತಿದ್ದೆವು. ಮೇಲೆ ಹತ್ತಿ ತಾರಸಿ ಹೇಗಿದೆ ಅಂತ ನೋಡಿದವರು ಎಷ್ಟು ಜನ? ಆ ದಿನದಿಂದ ಈ ಊರಿನಲ್ಲಿ ಹಳೇ ಕಟ್ಟಡದ ಮಾತು ಬಂದಾಗಲೆಲ್ಲ ಆ ನಾಲ್ಕು ಜನ ನೆನಪಾಗುತ್ತಾರೆ. ನೆನಪಾಗಬೇಕು ಕೂಡ.

ಅದಕ್ಕೇ ನಿನ್ನ ಭಯವನ್ನು ನಾನು ಸಣ್ಣದು ಮಾಡುವುದಿಲ್ಲ. ಹಳೇದು ಅಂದರೆ ಸಾಕು, ಕಣ್ಣು ಮುಚ್ಚಿ "ಉಳಿಸಿ" ಅನ್ನುವವರನ್ನು ಕಂಡರೆ ನನಗೇ ಭಯ. ನೀನು ಕೇಳಿದ ಪ್ರಶ್ನೆಯನ್ನು ಅವರು ಕೇಳಿಕೊಂಡಿರುವುದಿಲ್ಲ.

ಆದರೆ ಇನ್ನೊಂದು ಮಾತೂ ಇದೆ. ಈ ಊರಿನ ಅರ್ಧ ಭಾಗ ಹುಟ್ಟಿದ್ದೇ ಇಂಥ ಭಯದಿಂದ. 1890ರ ದಶಕದ ಕೊನೆಯಲ್ಲಿ ಪ್ಲೇಗು ಬಂದು ಜನ ಸತ್ತರು. ಒಂದಕ್ಕೊಂದು ಒತ್ತಿಕೊಂಡ ಮನೆಗಳು, ಗಾಳಿ ಇಲ್ಲ, ಚರಂಡಿ ಇಲ್ಲ. ಆಮೇಲೆ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಮಾಡಿದರು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಎಲ್ಲ ಆ ಕಾಲದ ಯೋಚನೆಯ ಫಲ. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಶುಚಿ ಮಾಡುವವರು ಓಡಾಡುವ ಸಣ್ಣ ಓಣಿ, ಒಳಗೆ ಬೆಳಕು. ಈಗ ನಾವು "ಎಂಥಾ ಚಂದದ ಹಳೇ ಬಡಾವಣೆ" ಅನ್ನುತ್ತೇವಲ್ಲ, ಅದನ್ನು ಮಾಡಿಸಿದ್ದು ಸಾವಿನ ಭಯ. ಅರಮನೆಯೂ ಹಾಗೇ. 1897ರಲ್ಲಿ ಮರದ ಅರಮನೆ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕಲ್ಲು, ಇಟ್ಟಿಗೆ, ಕಬ್ಬಿಣ ಬಳಸಿದ. 1912ಕ್ಕೆ ಮುಗಿಯಿತು. ಅಂದರೆ ಇಲ್ಲಿಯವರು ಭಯವನ್ನು ಕೆಲಸಕ್ಕೆ ಹಚ್ಚಿದ್ದರು. ಈಗ ಭಯ ಬಂದರೆ ಬೀಗ ಹಾಕುತ್ತೇವೆ, ತಗಡಿನ ಬೇಲಿ ಕಟ್ಟುತ್ತೇವೆ, ಕೋರ್ಟಿಗೆ ಹೋಗುತ್ತೇವೆ. ತಾರಸಿ ಸೋರುತ್ತಲೇ ಇರುತ್ತದೆ.

ನನ್ನ ಸರ್ವೀಸಿನ ಕಾಲದ ಮಾತು ಸ್ವಲ್ಪ ಹೇಳಲೇ? ಓವರ್‌ಸಿಯರ್ ಅಂದರೆ ಮಾವ ಏನು ಮಾಡುತ್ತಿದ್ದರು ಅಂತ ನೀವು ಮಕ್ಕಳು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಚ್ಚಿನ ಕಾಲ ಹಳೇ ಸರ್ಕಾರಿ ಕಟ್ಟಡಗಳ ಸೋರುವ ತಾರಸಿಗಳ ಮೇಲೇ ಕಳೆದೆ. ಮಳೆಗಾಲ ಮುಗಿದ ಮೇಲೆ ಪಟ್ಟಿ ಮಾಡಿ ಕಳಿಸುವುದು. ಎಲ್ಲಿ ತೇವ, ಎಲ್ಲಿ ಅರಳಿ ಸಸಿ ಬೇರು ಬಿಟ್ಟಿದೆ, ಎಲ್ಲಿ ನೀರಿನ ಕೊಳವೆ ಒಡೆದಿದೆ. ಪಟ್ಟಿ ಮೇಲೆ ಹೋಗುತ್ತಿತ್ತು. "ಈ ಸಾಲಿನಲ್ಲಿ ಅನುದಾನ ಇಲ್ಲ" ಅಂತ ಕೆಳಗೆ ಬರುತ್ತಿತ್ತು. ಹೊಸ ಕಟ್ಟಡಕ್ಕೆ ದುಡ್ಡು ಸಿಗುತ್ತಿತ್ತು, ಶಿಲಾನ್ಯಾಸದ ಕಲ್ಲಿಗೂ ಸಿಗುತ್ತಿತ್ತು. ಸಸಿ ಕೀಳಲು ಇಬ್ಬರು ಆಳಿಗೆ ಸಿಗುತ್ತಿರಲಿಲ್ಲ. ಹತ್ತು ಮಳೆಗಾಲ ಹಾಗೆ ಹೋದರೆ ಯಾವ ಗೋಡೆ ನಿಲ್ಲುತ್ತದೆ, ಹೇಳು? ಆಮೇಲೆ ಯಾರೋ ಬಂದು "ಆಯುಸ್ಸು ಮುಗಿದಿದೆ" ಅಂತ ಬರೆಯುತ್ತಾರೆ. ಅದು ಓದಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಲ್ಲೊಬ್ಬ ಹಿರಿಯ ಗಾರೆ ಮೇಸ್ತ್ರಿ ಇದ್ದ. ಕರಣೆಯ ಹಿಂಬದಿಯಿಂದ ಗೋಡೆ ತಟ್ಟುತ್ತಾ ಹೋಗುತ್ತಿದ್ದ. ಸದ್ದು ಟೊಳ್ಳಾದ ಕಡೆ ಸುಣ್ಣದ ಗುರುತು ಹಾಕುತ್ತಿದ್ದ. ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ವಾರಗಟ್ಟಲೆ ಬಿಡಬೇಕು, ಇಟ್ಟಿಗೆ ಪುಡಿಯ ಸುರ್ಕಿ ಬೆರೆಸಿ ಗಾಣದಲ್ಲಿ ಅರೆಯಬೇಕು, ಅಳಲೆಕಾಯಿ ಮತ್ತು ಬೆಲ್ಲದ ನೀರು ಯಾವಾಗ ಎಷ್ಟು ಹಾಕಬೇಕು, ಎಲ್ಲ ಅವನಿಗೆ ಬಾಯಲ್ಲೇ ಇತ್ತು. ನಮ್ಮವರು ಸುಣ್ಣದ ಗೋಡೆಯ ಮೇಲೆ ಸಿಮೆಂಟು ಗಾರೆ ಬಳಿಸಿದಾಗ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. ಸುಣ್ಣದ ಗೋಡೆ ನೀರು ಕುಡಿದರೆ ಬಿಸಿಲಿಗೆ ಹೊರಗೆ ಬಿಡುತ್ತದೆ. ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ. ಹೊರಗಿನಿಂದ ಗೋಡೆ ಹೊಸದರ ಹಾಗೆ ಕಾಣುತ್ತದೆ, ಅದೇ ಅಪಾಯ. ಅವನು ಹೋಗಿ ಬಹಳ ವರ್ಷವಾಯಿತು. ಅವನ ಲೆಕ್ಕಗಳನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಉಳಿದಿರುವ ದೊಡ್ಡ ಕೊರಗು ಅಂದರೆ ಅದೇ. ಇವತ್ತು ನಿನಗೆ ನಾನು ಹೇಳುತ್ತಿರುವುದು ಅವನು ಹೇಳಿದ್ದರಲ್ಲಿ ಕಾಲು ಭಾಗವೂ ಇಲ್ಲ.

ಎಲ್ಲಿಗೋ ಹೋದೆ. ನಿನ್ನ ಮಾತಿಗೆ ಬರುತ್ತೇನೆ. ಅದು ಬಿದ್ದರೆ.

ನೀನು "ಕೆಡವಿ" ಅಂತ ಬರೆದರೆ ಈ ಭಯ ಹೋಗುತ್ತದೆ ಅಂದುಕೊಂಡಿದ್ದೀಯಾ? 2019ರ ಮಾರ್ಚಿನಲ್ಲಿ ಧಾರವಾಡದಲ್ಲಿ ಕುಸಿದದ್ದು ಇನ್ನೂ ಕಟ್ಟುತ್ತಿದ್ದ ಹೊಸ ಕಟ್ಟಡ. 19 ಜನ ಹೋದರು. 2024ರ ಅಕ್ಟೋಬರಿನಲ್ಲಿ ನೀನಿರುವ ಬೆಂಗಳೂರಿನಲ್ಲೇ ಬಾಬುಸಾಪಾಳ್ಯದಲ್ಲಿ ಬಿದ್ದದ್ದೂ ಹೊಸದೇ. ಇದನ್ನು ನಿನಗೆ ಸಮಾಧಾನ ಆಗಲಿ ಅಂತ ಬರೆಯುತ್ತಿಲ್ಲ. ಸತ್ತವರ ಲೆಕ್ಕದಲ್ಲಿ ಯಾರಿಗೂ ಸಮಾಧಾನ ಸಿಗಬಾರದು. ಹೊಸ ಕಾಂಕ್ರೀಟ್ ಕಂಡ ಕೂಡಲೇ ನಾವೆಲ್ಲ ಭಯ ಬಿಟ್ಟುಬಿಡುತ್ತೇವಲ್ಲ, ಅದು ಸರಿಯಲ್ಲ ಅಂತ ಹೇಳಿದೆ, ಅಷ್ಟೇ.

ಇಲ್ಲಿನ ಹಳೇ ದೇವರಾಜ ಮಾರುಕಟ್ಟೆಯ ವಿಷಯ ನಿನಗೆ ಗೊತ್ತಿದೆ. 2016ರ ಆಗಸ್ಟಿನಲ್ಲಿ, ರಿಪೇರಿ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. ಆಮೇಲೆ ತಿಳಿದವರೇ ಎರಡು ಪಾಲಾದರು. ಒಬ್ಬರು ಸರಿಮಾಡಬಹುದು ಅಂದರು, ಇನ್ನೊಬ್ಬರು ಆಗದು ಅಂದರು. 2023ರಲ್ಲಿ ಹೈಕೋರ್ಟು ಕೆಡವಿ ಕಟ್ಟಲು ಒಪ್ಪಿತು, ಲ್ಯಾನ್ಸ್‌ಡೌನ್‌ಗೂ ಸೇರಿಸಿ. ನನ್ನನ್ನು ಕೇಳಿದರೆ, ಮಾರುಕಟ್ಟೆಯನ್ನು ಉಳಿಸಬಹುದು ಅಂತಲೇ ನನ್ನ ಮನಸ್ಸು. ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಕುಂಕುಮದ ರಾಶಿ, ಇವನ್ನೆಲ್ಲ ಇನ್ನೊಂದು ಕಟ್ಟಡದಲ್ಲೂ ಇಡಬಹುದು, ನಿಜ. ಆದರೆ ಅದೇ ಆಕಾರದಲ್ಲಿ ಹೊಸದು ಕಟ್ಟುತ್ತೇವೆ ಅನ್ನುವವರಿಗೆ ಆ ದಪ್ಪ ಗೋಡೆ, ಆ ತಂಪು, ಆ ಅಳತೆ ನಿಜವಾಗಿಯೂ ಬೇಕಾ, ಇಲ್ಲ ಮುಂಭಾಗದ ಚಿತ್ರ ಸಾಕಾ? ನನಗೆ ಅನುಮಾನ. ಆದರೂ ಅಲ್ಲಿ ದಿನವೆಲ್ಲ ಕೂತು ವ್ಯಾಪಾರ ಮಾಡುವವನು "ಸ್ವಾಮಿ, ನನ್ನ ತಲೆ ಮೇಲೆ ಬಿದ್ದರೆ?" ಅಂತ ಕೇಳಿದರೆ ನನ್ನ ಅಭಿಪ್ರಾಯ ಅಲ್ಲಿಗೆ ನಿಲ್ಲುತ್ತದೆ. ಅವನ ಪ್ರಶ್ನೆಯೂ ನಿನ್ನ ಪ್ರಶ್ನೆಯೂ ಒಂದೇ.

ನೋಡು ಪುಟ್ಟಿ, ನನಗೆ ತೋಚುವುದು ಇಷ್ಟು. ಜನರನ್ನು ಆಚೆ ಕಳಿಸುವುದು ಬೇರೆ, ಕಟ್ಟಡ ಕೆಡವುವುದು ಬೇರೆ. ನಮ್ಮ ಊರಿನಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿಬಿಟ್ಟಿದ್ದಾರೆ. ಅಪಾಯ ಅಂದರೆ ಕೆಡವು. ಉಳಿಸು ಅಂದರೆ ಜನ ಒಳಗೇ ಇರಲಿ. ಯಾಕೆ? ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗ 2022ರ ಅಕ್ಟೋಬರಿನಲ್ಲಿ ಕುಸಿಯಿತಲ್ಲ, ಹುಡುಗಿಯರನ್ನು ಮೊದಲೇ ಆಚೆ ಕಳಿಸಿದ್ದರು. ಯಾರಿಗೂ ಏನೂ ಆಗಲಿಲ್ಲ. ಯಾರೋ ಒಬ್ಬರು ಸೂಚನೆ ನೋಡಿದರು, ತಡಮಾಡಲಿಲ್ಲ. ಆ ಹೊತ್ತಿನಲ್ಲಿ ಪರಂಪರೆ ಉಳಿಯಬೇಕಾ ಬೇಡವಾ ಅಂತ ಚರ್ಚೆ ಮಾಡುತ್ತಾ ಕೂತಿದ್ದರೆ?

ಹಾಗಾಗಿ ನಿನ್ನ ವರದಿಯಲ್ಲಿ ಮೊದಲ ಸಾಲೇ ಅದು ಇರಲಿ. ಇಂಥ ಕೋಣೆಗಳಿಂದ ಮಕ್ಕಳನ್ನು ಈಗಲೇ ಬೇರೆ ಕಡೆ ಕೂರಿಸಿ, ಇಂಥ ಕಡೆ ಆಸರೆ ಕೊಡಿ ಅಂತ. ಉಳಿಸಬಹುದು ಅನ್ನುವ ಮಾತು ಆಮೇಲೆ ಬರಲಿ, ಏನೇನು ಮಾಡಿದರೆ ಮಾತ್ರ ಉಳಿಸಬಹುದು ಅನ್ನುವುದರ ಜೊತೆಗೇ ಬರಲಿ. ನಿನ್ನ ಆಫೀಸಿನ ದೊಡ್ಡವರಿಗೆ ಇದು ಇಷ್ಟ ಆಗದೆ ಇರಬಹುದು. ನಾನು ಹಳೇ ಕಾಲದವನು, ಈಗಿನ ವರದಿ ಹೇಗೆ ಬರೆಯುತ್ತಾರೋ ನನಗೆ ಅಷ್ಟಾಗಿ ತಿಳಿಯದು. ಸರಿ ಕಂಡರೆ ಮಾಡು.

ಇದರಲ್ಲೂ ಒಂದು ತೊಡಕಿದೆ, ಮುಚ್ಚಿಡಲಾರೆ. ಖಾಲಿ ಮಾಡಿದ ಕಟ್ಟಡ ಬೇಗ ಸಾಯುತ್ತದೆ. ಲ್ಯಾನ್ಸ್‌ಡೌನ್‌ನಿಂದ ಆಚೆ ಬಂದ ಅಂಗಡಿಯವರು ಅಂದಿನಿಂದ ಕಾಯುತ್ತಲೇ ಇದ್ದಾರೆ. ಮಕ್ಕಳನ್ನು ಬೇರೆ ಕಡೆ ಕಳಿಸಿದರೆ ಆ ಬಡ ಶಾಲೆ ಮತ್ತೆ ಅಲ್ಲಿಗೆ ಬರದೇ ಹೋಗಬಹುದು, ಜಾಗದ ಮೇಲೆ ಯಾರ ಕಣ್ಣೋ ಬೀಳಬಹುದು. ಅದಕ್ಕೆ ಎಷ್ಟು ತಿಂಗಳು, ಯಾರ ಜವಾಬ್ದಾರಿ ಅಂತಲೂ ಬರೆ. ಬರೆದರೆ ನಡೆದೇ ನಡೆಯುತ್ತದೆ ಅಂತ ನಾನು ಹೇಳಲಾರೆ. ಬರೆಯದಿದ್ದರೆ ಕೇಳುವುದಕ್ಕೂ ಏನೂ ಇರುವುದಿಲ್ಲ.

ಇನ್ನು ಕಣ್ಣಿಗೆ ಕಾಣದ್ದು. ನೀನು ಕಳಿಸಿದ ಫೋಟೋದಲ್ಲಿ ಮದ್ರಾಸ್ ಟೆರೇಸ್ ಕಂಡಿತು, ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ತಾರಸಿ. ತೊಲೆಗಳ ನಡುಭಾಗ ಚೆನ್ನಾಗಿದೆ ಅಂತ ಬರೆದಿದ್ದೀಯ. ನಡುಭಾಗ ಯಾವಾಗಲೂ ಚೆನ್ನಾಗಿರುತ್ತದೆ ಕಣೇ. ಗೋಡೆಯೊಳಗೆ ಕೂತ ತುದಿ ನೋಡಬೇಕು. ಮೇಲಿಂದ ಇಳಿದ ನೀರು ಅಲ್ಲಿ ನಿಲ್ಲುತ್ತದೆ, ಅಲ್ಲಿ ಕೊಳೆಯುತ್ತದೆ, ಗೆದ್ದಲೂ ಅಲ್ಲೇ. ಒಂದೆರಡು ಕಡೆಯಾದರೂ ಗೋಡೆ ಬಿಡಿಸಿ ತುದಿಗೆ ಚೂಪಾದ ಕಬ್ಬಿಣ ಚುಚ್ಚಿಸಿ ನೋಡು. ಮೆತ್ತಗೆ ಒಳಗೆ ಹೋದರೆ ಆ ಕೋಣೆಗೆ ಅವತ್ತೇ ಬೀಗ. ಅದನ್ನು ನೋಡದೆ ಸಹಿ ಹಾಕಬೇಡ. ಈ ಕಾಗದದಲ್ಲಿ ನಾನು ಅಧಿಕಾರದಿಂದ ಹೇಳುವ ಮಾತು ಇದೊಂದೇ.

ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಸು. ಗಾಜು ಒಡೆದರೆ ಬಿರುಕು ಇನ್ನೂ ಓಡುತ್ತಿದೆ ಅಂತ. ಈಗ ಇದಕ್ಕೆ ಯಂತ್ರಗಳು ಬಂದಿವೆಯಂತೆ, ಇದ್ದರೆ ಅದನ್ನೇ ಬಳಸು. ನಾನು ನನಗೆ ಗೊತ್ತಿರುವುದನ್ನು ಹೇಳಿದೆ.

ಇಷ್ಟೆಲ್ಲ ಮಾಡಿದ ಮೇಲೂ ಅದು ಬಿದ್ದರೆ? ಕೇಳಿಯೇ ಕೇಳುತ್ತೀಯ, ನಿನ್ನನ್ನು ಬಲ್ಲೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಸುಮಾ. ಗೋಡೆಯ ಒಳಗನ್ನು ಪೂರ್ತಿ ಕಂಡವರು ಯಾರೂ ಇಲ್ಲ. ನಾನು ಸಹಿ ಹಾಕಿದ ಕಟ್ಟಡಗಳ ಮುಂದೆ ಇವತ್ತಿಗೂ ಹೋಗುವಾಗ ತಲೆ ಎತ್ತಿ ಸೂರಿನ ಅಂಚು ನೋಡುತ್ತೇನೆ. ನಿವೃತ್ತಿ ಆದರೂ ಅದು ಬಿಡಲಿಲ್ಲ. ಈ ಕೆಲಸ ಮಾಡುವವರಿಗೆ ಅದು ಇರುತ್ತದೆ. ಆ ಹೊರೆ ಬೇಡ ಅನ್ನಿಸಿದರೆ ಬಿಟ್ಟುಬಿಡು, ಹೊಸ ಕಟ್ಟಡಗಳ ನಕ್ಷೆ ಬರೆ. ಓಡಿಹೋದಳು ಅಂತ ನಾನು ಅನ್ನುವುದಿಲ್ಲ, ನಿನ್ನಮ್ಮ ಅಂದರೆ ಅವಳ ಹತ್ತಿರ ನಾನು ಮಾತಾಡುತ್ತೇನೆ. ಆದರೆ ಈ ಭಯವೇ ಇಲ್ಲದ ಯಾರೋ ನಿನ್ನ ಜಾಗಕ್ಕೆ ಬಂದು ಒಂದು ಮಧ್ಯಾಹ್ನದಲ್ಲಿ ವರದಿ ಮುಗಿಸಿ ಹೋಗುತ್ತಾರೆ. ಅದನ್ನು ನೆನೆದರೆ ನೀನೇ ಇರಲಿ ಅನ್ನಿಸುತ್ತದೆ. ಹೀಗೆ ಹೇಳಿ ನಿನ್ನನ್ನು ಕಟ್ಟಿಹಾಕುತ್ತಿದ್ದೇನೇನೋ. ಹಾಗನಿಸಿದರೆ ಈ ಮಾತು ಬಿಡು.

ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಬರುತ್ತೇನೆ ಅಂದಿದ್ದೀಯ. ಬಂದಾಗ ನನ್ನನ್ನೂ ಕರೆದುಕೊಂಡು ಹೋಗು. ಏಣಿ ಹತ್ತುವುದು ಈಗ ಆಗುವುದಿಲ್ಲ, ಕೆಳಗೆ ನಿಂತು ಗೋಡೆ ತಟ್ಟಬಲ್ಲೆ. ತೊಲೆಯ ತುದಿ ಬಿಡಿಸಲು ಒಳ್ಳೆಯ ಕೆಲಸದವರು ಬೇಕು. ನನಗೆ ಗೊತ್ತಿದ್ದವರಲ್ಲಿ ಒಬ್ಬಿಬ್ಬರು ಇನ್ನೂ ಇದ್ದಾರೆ, ವಿಚಾರಿಸಿ ಇಡುತ್ತೇನೆ. ಯಾವ ವಾರ ಬರುತ್ತೀಯ ಅಂತ ಮೊದಲೇ ತಿಳಿಸು.

ಇಂತು,
ನಿನ್ನ ಮಾವ