ವೃತ್ತಿ ಮಾರ್ಗದರ್ಶನ: ಭಾಷಣ ಸಾಕು, ಕೆಲಸದ ಜಾಗ ತೋರಿಸಿ

ಮಾನ್ಯ ಸಂಪಾದಕರೇ,

ಪರೀಕ್ಷಾ ಫಲಿತಾಂಶ ಹತ್ತಿರವಾಗುತ್ತಿದ್ದಂತೆ ಸಂಘಗಳು, ಗ್ರಂಥಾಲಯಗಳು, ಯುವಕ ಮಂಡಳಿಗಳು ವೃತ್ತಿ ಮಾರ್ಗದರ್ಶನ ಶಿಬಿರಗಳಿಗೆ ಅಣಿಯಾಗುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಬಹಳಷ್ಟು ಶಿಬಿರಗಳು ಇನ್ನೂರು ಮುನ್ನೂರು ಮಕ್ಕಳನ್ನು ಒಂದೇ ಸಭಾಂಗಣದಲ್ಲಿ ಕೂರಿಸಿ, ನಾಲ್ಕು ಭಾಷಣ ಕೇಳಿಸಿ, ಸಂಜೆಯೊಳಗೆ ಮುಗಿದುಹೋಗುತ್ತವೆ. ಅಷ್ಟೇ ಹಣ, ಅಷ್ಟೇ ಸ್ವಯಂಸೇವಕರನ್ನು ಇಟ್ಟುಕೊಂಡು ಹದಿನೈದು ಮಕ್ಕಳ ಒಂದು ಗುಂಪನ್ನು ಹನ್ನೆರಡು ವಾರ ನಡೆಸಬಹುದು. ಅದರಿಂದ ಆಗುವ ಉಪಯೋಗ ಹೆಚ್ಚು. ಹೇಗೆ ನಡೆಸಬೇಕು, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಕೆಲಸದಲ್ಲಿ ತೊಡಗಿರುವವರಾಗಿ ಹೇಳಲು ಬಯಸುತ್ತೇವೆ.

ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆಯನ್ನು ಅಳೆಯುವ ಪಿಸಾ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ, 2018ರಲ್ಲಿ 15 ವರ್ಷದ ಮಕ್ಕಳನ್ನು, 'ಮೂವತ್ತನೇ ವಯಸ್ಸಿಗೆ ಯಾವ ಕೆಲಸದಲ್ಲಿರುತ್ತೀರಿ' ಎಂದು ಕೇಳಲಾಗಿತ್ತು. ಅದನ್ನು ನಡೆಸುವ, ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ 41 ದೇಶಗಳಲ್ಲಿ ಹುಡುಗರ ಪೈಕಿ ಶೇ 47, ಹುಡುಗಿಯರ ಪೈಕಿ ಶೇ 53 ಮಂದಿಯ ಉತ್ತರ ಹತ್ತೇ ಹತ್ತು ವೃತ್ತಿಗಳೊಳಗೆ ಮುಗಿದಿತ್ತು. ವೈದ್ಯರು, ಶಿಕ್ಷಕರು, ಎಂಜಿನಿಯರ್, ವಕೀಲರು, ಪೊಲೀಸ್ ಹೀಗೆ. ಮಗು ಹತ್ತಿರದಿಂದ ಕಂಡ ಕೆಲಸಗಳ ಪಟ್ಟಿಯೇ ಅಷ್ಟು ಚಿಕ್ಕದು. ರಕ್ತ ತೆಗೆದುಕೊಳ್ಳುವವರನ್ನು ಎಲ್ಲರೂ ನೋಡಿರುತ್ತಾರೆ. ಆ ರಕ್ತವನ್ನು ಒಳಗೆ ಪರೀಕ್ಷಿಸುವ ಲ್ಯಾಬ್ ಟೆಕ್ನಿಷಿಯನ್‌ರನ್ನು ನೋಡಿದ ಮಕ್ಕಳು ಎಷ್ಟು? ಭಾಷಣ ಈ ಪಟ್ಟಿಗೆ ಹೊಸ ಹೆಸರು ಸೇರಿಸಬಹುದು, ಆ ಕೆಲಸದ ಚಿತ್ರವನ್ನು ಕಟ್ಟಿಕೊಡಲಾರದು.

ವೃತ್ತಿ ಮಾರ್ಗದರ್ಶನ ಶಾಲೆಯ ಹೊಣೆ, ಊರಿನ ಸಂಘಕ್ಕೇಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ಬಾಸ್ಟನ್‌ನಲ್ಲಿ ಫ್ರ್ಯಾಂಕ್ ಪಾರ್ಸನ್ಸ್ 1908ರಲ್ಲಿ ಶುರುಮಾಡಿದ ವೃತ್ತಿ ಮಾರ್ಗದರ್ಶನ ಕಚೇರಿ ಹುಟ್ಟಿದ್ದು ಶಾಲೆಯಲ್ಲಲ್ಲ, ವಲಸಿಗರು ಮತ್ತು ದುಡಿಯುವ ಯುವಜನರಿಗಾಗಿದ್ದ ಒಂದು ಸಮುದಾಯ ಕೇಂದ್ರದಲ್ಲಿ. ನಿನ್ನನ್ನು ನೀನು ಅರಿ, ಕೆಲಸವನ್ನು ಅರಿ, ಎರಡನ್ನೂ ಹೊಂದಿಸಿ ಯೋಚಿಸು ಎಂಬ ಅವರ ಮೂರು ಹೆಜ್ಜೆಗಳು ಇಂದಿಗೂ ಬುನಾದಿಯಾಗಿವೆ. ನಮ್ಮ ಶಿಬಿರಗಳು ಎರಡನೆಯ ಹೆಜ್ಜೆಯನ್ನೇ ಹಾರಿಬಿಡುತ್ತವೆ. ಕೆಲಸದ ಜಾಗಗಳ ಬಾಗಿಲು ತೆರೆಸುವ ಶಕ್ತಿ ಶಾಲೆಗಿಂತ ಊರಿನವರಿಗೇ ಹೆಚ್ಚು.

ಗುಂಪಿನಲ್ಲಿ 12ರಿಂದ 15 ಮಕ್ಕಳು, ವಯಸ್ಸು 14ರಿಂದ 17. ವಾರಕ್ಕೊಮ್ಮೆ ಒಂದೂವರೆ ಗಂಟೆ. ಒಬ್ಬ ಸಂಯೋಜಕರು, ಒಬ್ಬ ಸಹಾಯಕರು. ಹನ್ನೆರಡು ವಾರಗಳಲ್ಲಿ ಪ್ರತಿಯೊಬ್ಬರಿಗೂ ಮೂರು ಬೇರೆ ಬೇರೆ ಕೆಲಸದ ಜಾಗಗಳಲ್ಲಿ ಅರ್ಧ ದಿನದಂತೆ ಕಳೆಯುವ ಅವಕಾಶ. ಮೊದಲ ಭೇಟಿ ಮೂರನೇ ವಾರದೊಳಗೇ ಆಗಬೇಕು. ಎಷ್ಟೋ ಕಡೆ ಆರು ವಾರ 'ವ್ಯಕ್ತಿತ್ವ ವಿಕಸನ' ಮಾಡಿ ಆಮೇಲೆ ಭೇಟಿಗೆ ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಗುಂಪು ಅರ್ಧವಾಗಿರುತ್ತದೆ. ಮಕ್ಕಳು ನಾಲ್ಕು ಅಥವಾ ಐದನೇ ವಾರಕ್ಕೆ ಬರುವುದನ್ನು ನಿಲ್ಲಿಸುವುದು ಸೋಮಾರಿತನದಿಂದಲ್ಲ. ಆವರೆಗೆ ಕೈಗೆ ಏನೂ ದಕ್ಕಿರುವುದಿಲ್ಲ.

ಜಾಗ ಹುಡುಕುವುದೇ ದೊಡ್ಡ ಶ್ರಮ. ಹದಿನೈದು ಮಕ್ಕಳಿಗೆ ಮೂರರಂತೆ 45 ಭೇಟಿಗಳು; ಒಂದು ಜಾಗಕ್ಕೆ ಇಬ್ಬರಂತೆ ಕಳಿಸಿದರೆ ಸುಮಾರು 23 ಅರ್ಧ ದಿನಗಳು. ಒಪ್ಪಿದವರಲ್ಲೂ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯುವವರು ಇರುವುದರಿಂದ ಐವತ್ತು ಜನರನ್ನಾದರೂ ಕೇಳಿಟ್ಟುಕೊಳ್ಳಬೇಕು. ಸಂಘದ ಸದಸ್ಯರೆಲ್ಲ ಕೂತು, ಆಪ್ತರ ಹೆಸರಿಗಿಂತ ಅಷ್ಟಾಗಿ ಒಡನಾಟವಿಲ್ಲದ ಪರಿಚಯಸ್ಥರ ಹೆಸರುಗಳನ್ನು ಬರೆಯಿರಿ. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುಳಿವು ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರು ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ಹೊಸ ಬಾಗಿಲು ಇರುವುದು ದೂರದ ಪರಿಚಯದಲ್ಲಿ.

ಕೇಳುವ ಪತ್ರ ಅರ್ಧ ಪುಟ ಮೀರಬಾರದು. ಇಬ್ಬರು ಮಕ್ಕಳು, ಇಂಥ ದಿನ, ಮೂರು ಗಂಟೆ ಹೊತ್ತು. 'ನೀವು ಪಾಠ ಮಾಡಬೇಕಿಲ್ಲ, ದಿನದ ಕೆಲಸವನ್ನು ಎಂದಿನಂತೆ ಮಾಡಿ, ಅವರು ಪಕ್ಕದಲ್ಲಿ ನಿಂತು ನೋಡುತ್ತಾರೆ' ಎಂಬ ಮಾತು ಅದರಲ್ಲಿ ಇರಲೇಬೇಕು. ಆಗುವುದಿಲ್ಲ ಎನ್ನುವವರಿಗೆ ಸಾಮಾನ್ಯವಾಗಿ ಎರಡು ಅಂಜಿಕೆ: ಕಲಿಸಲು ಬರುವುದಿಲ್ಲ ಎಂಬುದು, ಏನಾದರೂ ಅವಘಡವಾದರೆ ಎಂಬುದು. ಎರಡನೆಯದಕ್ಕೆ ಯಂತ್ರ ಮುಟ್ಟುವಂತಿಲ್ಲ, ಮುಚ್ಚಿದ ಶೂ ಕಡ್ಡಾಯ, ಪೋಷಕರ ಒಪ್ಪಿಗೆ ಪತ್ರ ಇರುತ್ತದೆ, ತುರ್ತು ಕರೆಗೆ ಸಂಯೋಜಕರ ಸಂಖ್ಯೆ ಇಲ್ಲಿದೆ ಎಂಬ ನಾಲ್ಕು ಸಾಲು ಸೇರಿಸಿ. ಮಕ್ಕಳನ್ನು ಇಬ್ಬಿಬ್ಬರಾಗಿ ಕಳಿಸುವುದು ಅವರ ಸುರಕ್ಷತೆಗೂ ಒಳ್ಳೆಯದು. ದೊಡ್ಡವರೊಬ್ಬರ ಜತೆ ಮುಚ್ಚಿದ ಕೋಣೆಯಲ್ಲಿ ಮಗು ಒಂಟಿಯಾಗಿ ಇರಬಾರದು, ಮಕ್ಕಳ ಫೋನ್ ಸಂಖ್ಯೆಯನ್ನು ನೇರವಾಗಿ ಕೊಡಬಾರದು. ಈ ವಿಷಯದಲ್ಲಿ ಯಾರ ಮುಲಾಜಿಗೂ ಬೀಳಬೇಡಿ.

ಭೇಟಿ ಫಲ ಕೊಡುವುದು, ಬಿಡುವುದು ಮಕ್ಕಳ ಕೈಯಲ್ಲಿರುವ ಪ್ರಶ್ನೆಗಳಿಂದ. 'ನಿಮ್ಮ ಕೆಲಸದ ಬಗ್ಗೆ ಹೇಳಿ ಸರ್' ಎಂದರೆ ಯಾರೇ ಆಗಲಿ ಭಾಷಣ ಶುರುಮಾಡುತ್ತಾರೆ: ಪರಿಶ್ರಮ, ಶಿಸ್ತು, ಸಮಯಪಾಲನೆ. ಅದರ ಬದಲು 'ನಿನ್ನೆ ಬಂದ ಹೊತ್ತಿನಿಂದ ಮಧ್ಯಾಹ್ನದವರೆಗೆ ಏನೇನು ಮಾಡಿದಿರಿ?' ಎಂದು ಕೇಳಲು ಕಲಿಸಿ. ನಿನ್ನೆಯ ಬಗ್ಗೆ ಕೇಳಿದಾಗ ನಿಜವಾದ ಕೆಲಸ ಹೊರಬರುತ್ತದೆ. ಎಂಜಿನಿಯರ್ ಮುಂಜಾನೆಯೆಲ್ಲ ಇಮೇಲ್‌ಗಳಿಗೆ ಉತ್ತರಿಸಿದ್ದು, ನರ್ಸ್ ಎರಡು ಗಂಟೆ ದಾಖಲೆ ಬರೆದಿದ್ದು, ವೆಲ್ಡರ್ ಬೆಸುಗೆಗಿಂತ ಹೆಚ್ಚು ಹೊತ್ತು ಲೋಹ ಉಜ್ಜಿ ಅಳತೆ ಕೂಡಿಸಿದ್ದು. ಇಂಥವು ಯಾವ ಕರಪತ್ರದಲ್ಲೂ ಸಿಗುವುದಿಲ್ಲ, ಮಗು ನಿರ್ಧರಿಸಬೇಕಾದದ್ದು ಇವುಗಳ ಮೇಲೆಯೇ. ಇನ್ನೂ ನಾಲ್ಕು ಪ್ರಶ್ನೆ ಸಾಕು. ಹೊಸಬರು ಮೊದಲ ಆರು ತಿಂಗಳಲ್ಲಿ ಮಾಡುವ ತಪ್ಪು ಯಾವುದು? ಈ ಕೆಲಸ ಬಿಟ್ಟುಹೋದವರು ಯಾಕೆ ಬಿಟ್ಟರು? ನಿಮ್ಮ ಜತೆ ಕೆಲಸ ಮಾಡುವವರು ಇಲ್ಲಿಗೆ ಯಾವ ಯಾವ ದಾರಿಯಲ್ಲಿ ಬಂದರು? ಇಂದು ಸೇರಬೇಕಾದರೆ ಮೊದಲು ಏನು ಕಲಿತಿರಬೇಕು? ಸಂಬಳದ ಪ್ರಶ್ನೆ ಕೇಳಬಾರದೆಂದು ಮಕ್ಕಳನ್ನು ತಡೆಯಬೇಡಿ. 'ಹೊಸದಾಗಿ ಸೇರುವವರಿಗೆ ಎಷ್ಟರಿಂದ ಶುರುವಾಗುತ್ತದೆ' ಎಂದು ಕೇಳುವ ಸಭ್ಯ ಕ್ರಮ ಹೇಳಿಕೊಡಿ. ಭೇಟಿಯ ಹಿಂದಿನ ವಾರದ ತರಗತಿಯಲ್ಲಿ ಈ ಐದಾರು ಪ್ರಶ್ನೆಗಳನ್ನು ಜೋಡಿಯಾಗಿ ಎರಡು ಸಲ ಅಭ್ಯಾಸ ಮಾಡಿಸಿ. ಅಭ್ಯಾಸವಿಲ್ಲದೆ ಹೋದ ಮಗು ಮೂರು ಗಂಟೆ ಸುಮ್ಮನೆ ನಿಂತು ಬರುತ್ತದೆ.

ಭೇಟಿಯಾದ ಎರಡು ದಿನದೊಳಗೆ ಅರ್ಧ ಪುಟ ಬರೆಸಬೇಕು. ವಾರ ಕಳೆದರೆ 'ಚೆನ್ನಾಗಿತ್ತು' ಎಂಬ ಒಂದೇ ಪದ ಉಳಿಯುತ್ತದೆ. ಇಷ್ಟವಾಯಿತೇ ಎಂದು ಕೇಳುವ ಬದಲು, ಮತ್ತೆ ಮತ್ತೆ ಮಾಡಿದ ಕೆಲಸ ಯಾವುದು, ಯಾವ ಹೊತ್ತಿನಲ್ಲಿ ಗಡಿಯಾರ ನೋಡಿದೆ, ಯಾವ ಹೊತ್ತಿನಲ್ಲಿ ಮರೆತೆ ಎಂದು ಕೇಳಿ. 'ಇದು ನನಗಲ್ಲ' ಎಂದು ಬರೆದ ಮಗುವಿನ ಭೇಟಿ ವ್ಯರ್ಥವಾಯಿತೆಂದು ಸ್ವಯಂಸೇವಕರು ಕೊರಗುವುದುಂಟು. ತಪ್ಪು ಕೋರ್ಸಿನಲ್ಲಿ ಹೋಗಬಹುದಾಗಿದ್ದ ಮೂರು ವರ್ಷವನ್ನು ಅದು ಮೂರು ಗಂಟೆಯಲ್ಲಿ ಉಳಿಸಿರುತ್ತದೆ. ಭೇಟಿಗೆ ಅವಕಾಶ ಕೊಟ್ಟವರಿಗೆ ಮಕ್ಕಳ ಕೈಬರಹದಲ್ಲೇ, ತಾವು ಕಲಿತ ಒಂದು ನಿರ್ದಿಷ್ಟ ವಿಷಯ ಹೆಸರಿಸಿ, ಮೂರು ದಿನದೊಳಗೆ ಧನ್ಯವಾದ ಪತ್ರ ಹೋಗಬೇಕು. ಮುಂದಿನ ವರ್ಷ ಅದೇ ಬಾಗಿಲು ತೆರೆಯುವುದು ಈ ಪತ್ರದಿಂದ.

ಇಷ್ಟೆಲ್ಲ ದೊಡ್ಡ ಪ್ರಮಾಣದಲ್ಲಿ ಸಾಧ್ಯವೇ ಎಂಬ ಅನುಮಾನ ಬೇಡ. ಜಪಾನಿನ ಹ್ಯೋಗೋ ಪ್ರಾಂತ್ಯ 1998ರಿಂದ ಮಾಧ್ಯಮಿಕ ಶಾಲೆಯ ಎರಡನೇ ವರ್ಷದ ಮಕ್ಕಳನ್ನು ಐದು ದಿನ ಊರಿನ ಅಂಗಡಿ, ಹೊಲ, ಆಸ್ಪತ್ರೆ, ಕಾರ್ಖಾನೆಗಳಿಗೆ ಕಳಿಸುತ್ತ ಬಂದಿದೆ. ಇಂಗ್ಲೆಂಡಿನಲ್ಲಿ ವೃತ್ತಿ ಮಾರ್ಗದರ್ಶನಕ್ಕಾಗಿ 2014ರಲ್ಲಿ ರೂಪಿಸಿದ ಎಂಟು ಮಾನದಂಡಗಳಲ್ಲಿ, 16 ವರ್ಷದೊಳಗೆ ಕನಿಷ್ಠ ಒಂದು ಕೆಲಸದ ಜಾಗದ ಅನುಭವ, 18ರೊಳಗೆ ಇನ್ನೊಂದು ಎಂಬುದೂ ಸೇರಿತ್ತು.

ಆಸಕ್ತಿ ಪರೀಕ್ಷೆಗಳ ಬಗ್ಗೆ ಒಂದು ಎಚ್ಚರಿಕೆ. ಬಹಳಷ್ಟು ಪರೀಕ್ಷೆಗಳ ಹಿಂದೆ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ, ಜನರನ್ನೂ ಕೆಲಸಗಳನ್ನೂ ಆರು ಬಗೆಗಳಾಗಿ ವಿಂಗಡಿಸುವ ಸಿದ್ಧಾಂತವಿದೆ. ಅದು ಉಪಯುಕ್ತವೇ. ಆದರೆ ಯಂತ್ರ ಬಿಚ್ಚಿ ನೋಡಿಯೇ ಇರದ ಮಗುವಿಗೆ ಅದರಲ್ಲಿ ಆಸಕ್ತಿ ಇದೆಯೇ ಎಂದು ಕೇಳಿದರೆ ಬರುವ ಉತ್ತರ ಆಸಕ್ತಿಯದ್ದಲ್ಲ, ಅನುಭವದ ಕೊರತೆಯದ್ದು. ಪರೀಕ್ಷೆಯನ್ನು ಮೊದಲ ದಿನ ಕೊಡದೆ ಎರಡು ಭೇಟಿಗಳ ನಂತರ ಕೊಡಿ, ಫಲಿತಾಂಶವನ್ನು ತೀರ್ಪಿನಂತೆ ಓದದೆ ಮಾತುಕತೆಗೆ ಬಳಸಿ.

ಕೊನೆಯ ನಾಲ್ಕು ವಾರ ತಯಾರಿಗೆ. ಒಂದು ಪುಟದ ಬಯೋಡೇಟಾ, ಸರಿಯಾದ ಇಮೇಲ್ ವಿಳಾಸ, ಅರ್ಜಿ ತುಂಬುವುದು ಇವೆಲ್ಲ ಎರಡು ತರಗತಿಯಲ್ಲಿ ಆಗುತ್ತವೆ. ಮಕ್ಕಳಿಗೆ ಹೆಚ್ಚು ಕಷ್ಟವಾಗುವುದು ಅಪರಿಚಿತರಿಗೆ ಫೋನ್ ಮಾಡುವುದು. ಅದನ್ನು ಬರೆದಿಟ್ಟುಕೊಂಡ ನಾಲ್ಕು ಸಾಲಿನಿಂದ ಅಭ್ಯಾಸ ಮಾಡಿಸಿ. ಅಣಕು ಸಂದರ್ಶನವನ್ನು ಮಕ್ಕಳಿಗೆ ಗುರುತಿಲ್ಲದವರು ನಡೆಸಬೇಕು: 15 ನಿಮಿಷ ಸಂದರ್ಶನ, 5 ನಿಮಿಷ ಸಲಹೆ, ಒಂದು ವಾರ ಬಿಟ್ಟು ಮತ್ತೊಮ್ಮೆ. ಮೊದಲ ಸಲ ಭಯವೇ ಮಾತಾಡುತ್ತದೆ, ಎರಡನೇ ಸಲ ಮಗು ಮಾತಾಡುತ್ತದೆ.

ಅತಿಥಿಗಳನ್ನು ಕರೆಯುವುದಾದರೆ ಕೆಲಸಕ್ಕೆ ಸೇರಿ ಎರಡರಿಂದ ಐದು ವರ್ಷ ಆದವರನ್ನು ಕರೆಯಿರಿ. ಮೂವತ್ತು ವರ್ಷದ ಅನುಭವಿಗಳು ಬಂದ ದಾರಿ ಈಗ ಮುಚ್ಚಿರಬಹುದು. ಇನ್ನು 'ಪ್ರತಿ ಮಗುವಿಗೂ ಒಬ್ಬ ಮಾರ್ಗದರ್ಶಕ' ಎಂಬ ಘೋಷಣೆ ಮಾಡುವ ಮುನ್ನ ಯೋಚಿಸಿ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ವರ್ಷ ಮೀರಿ ಉಳಿದ ಒಡನಾಟದಿಂದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಕಡಿದುಹೋದಲ್ಲಿ ಅವರ ಸ್ವಾಭಿಮಾನ ಕುಗ್ಗಿತ್ತು. ವರ್ಷ ಪೂರ್ತಿ ಬರಲಾಗದವರಿಗೆ ಮಗುವನ್ನು ಒಪ್ಪಿಸಬೇಡಿ, ಒಂದು ಅರ್ಧ ದಿನದ ಭೇಟಿ ಕೊಡಿಸಲು ಕೇಳಿ.

ಅರ್ಜಿ ಕರೆದರೆ ಮೊದಲು ತುಂಬುವುದು ಈಗಾಗಲೇ ಮಾಹಿತಿಯಿರುವ ಮನೆಯ ಮಕ್ಕಳು. ಹದಿನೈದರಲ್ಲಿ ಏಳು ಸ್ಥಾನಗಳನ್ನಾದರೂ ಪ್ರಕಟಣೆಗೆ ಮುನ್ನವೇ ತೆಗೆದಿರಿಸಿ, ಶಾಲೆ ಬಿಟ್ಟವರ, ದುಡಿಯುತ್ತಿರುವವರ ಮನೆಗೆ ಹೋಗಿ ಕರೆಯಿರಿ. ಅವರಿಗೆ ಅನುಕೂಲವಾದ ಹೊತ್ತಿನಲ್ಲೇ ತರಗತಿ ಇಡಿ. ಪೋಷಕರನ್ನು ಮೊದಲ ಭೇಟಿಯ ನಂತರ ಒಮ್ಮೆ, ಒಂಬತ್ತನೇ ವಾರ ಇನ್ನೊಮ್ಮೆ ಕರೆಸಿ. ಉಪದೇಶಕ್ಕಲ್ಲ, ಮಗ ಅಥವಾ ಮಗಳು ಬರೆದ ಅರ್ಧ ಪುಟಗಳನ್ನು ಅವರ ಬಾಯಿಂದಲೇ ಕೇಳಲು.

ವರದಿಯಲ್ಲಿ ಎಷ್ಟು ಜನ ಬಂದಿದ್ದರು ಎಂದು ಬರೆಯುವುದು ಸುಲಭ. ಗುಂಪು ಮುಗಿದ ಆರು ತಿಂಗಳಿಗೆ ಹದಿನೈದು ಮಕ್ಕಳಿಗೂ ಫೋನ್ ಮಾಡಿ: ಈಗ ಏನು ಮಾಡುತ್ತಿದ್ದೀಯ, ಭೇಟಿಯಾದವರಲ್ಲಿ ಯಾರ ಜತೆಗಾದರೂ ಮತ್ತೆ ಮಾತಾಡಿದೆಯಾ, ಈಗ ಯಾವ ಬಾಗಿಲು ಬೇಕು? ಮೂರನೆಯ ಉತ್ತರಗಳನ್ನು ಬರೆದಿಟ್ಟುಕೊಂಡರೆ ಮುಂದಿನ ಗುಂಪಿಗಾಗಿ ಯಾರನ್ನು ಕೇಳಬೇಕೆಂಬ ಪಟ್ಟಿ ಅಲ್ಲಿಂದಲೇ ಶುರುವಾಗುತ್ತದೆ.

– ಯುವಜನರ ವೃತ್ತಿ ಮಾರ್ಗದರ್ಶನದಲ್ಲಿ ತೊಡಗಿರುವ ಓದುಗರು